ಬ್ಯಾಟರಿ ಎಲ್ಲಿ ಹೂತಿಟ್ಟೀರಿ?

1/10

ಒಂದು ಪ್ರಶ್ನೆ ಕೇಳ್ತೀನಿ, ಗೂಗಲ್ ಮಾಡದೆ ಉತ್ತರ ಹೇಳ್ರಿ. ನಿಮ್ಮ ಬೈಕಿನ ಬ್ಯಾಟರಿ ಎಲ್ಲೈತಿ?

ಪೆಟ್ರೋಲ್ ಎಲ್ಲಿ ಹಾಕಬೇಕು ಗೊತ್ತು. ಇಂಜಿನ್ ಆಯಿಲ್ ಎಲ್ಲಿ ಹಾಕ್ತಾರ ಗೊತ್ತು. ಚೈನಿಗೆ ಎಣ್ಣಿ ಬಿಡೋದು, ಟೈರಿಗೆ ಗಾಳಿ ಹೊಡಿಸೋದು, ಎಲ್ಲಾ ಗೊತ್ತು. ಬ್ಯಾಟರಿ ಅಂದ ಕೂಡ್ಲೆ ಒಬ್ಬರು ಸೀಟಿನ ಕಡೆ ಕೈ ತೋರಿಸ್ತಾರ, ಇನ್ನೊಬ್ಬರು ಸೈಡ್ ಪ್ಯಾನಲ್ ಕಡೆ, ಮತ್ತೊಬ್ಬರು "ಶೋರೂಮಿನವರಿಗೆ ಗೊತ್ತು ಬಿಡು" ಅಂತಾರ.

ಈ "ಬಿಡು" ಅನ್ನೋ ಮಾತಿನ ವಿರುದ್ಧ ಈ ಹತ್ತು ಪೋಸ್ಟ್.

ಬ್ಯಾಟರಿ ಬೈಕಿನ ಶಾಶ್ವತ ಭಾಗ ಅಲ್ಲ. ಟೈರು, ಬ್ರೇಕ್ ಪ್ಯಾಡ್ ಇದ್ದ ಹಾಗೆ ಅದೂ ಸವೆದು ಹೋಗುವ ವಸ್ತು. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ, ಚೆನ್ನಾಗಿ ನೋಡಿಕೊಂಡರೆ ಇನ್ನೊಂದು ವರ್ಷ ತಡವಾಗಿಯೋ, ಸಾಯೋದಂತೂ ಗ್ಯಾರಂಟಿ. ಇದು ಮಾಡಿದವರಿಗೂ ಗೊತ್ತು, ಮಾರಿದವರಿಗೂ ಗೊತ್ತು. ಗೊತ್ತಿದ್ದೂ ಅದನ್ನ ಹತ್ತು ಬೋಲ್ಟ್‌ಗಳ ಹಿಂದೆ, ಮುರಿಯೋಕಂತಲೇ ಮಾಡಿದಂತಿರೋ ಪ್ಲಾಸ್ಟಿಕ್ ಕ್ಲಿಪ್‌ಗಳ ಹಿಂದೆ ಹೂತಿಡ್ತಾರಲ್ಲ, ಅದು ಇಂಜಿನಿಯರಿಂಗ್ ಅಲ್ಲ. ಅದು ತಮ್ಮ ತಲೆನೋವನ್ನ ನಮ್ಮ ತಲೆಗೆ ಕಟ್ಟೋದು.

ನನ್ನ ಬೇಡಿಕೆ ಒಂದೇ. ಗಾಡಿ ಜೊತೆ ಕೊಟ್ಟ ಟೂಲ್ ಕಿಟ್‌ನಿಂದ, ಹತ್ತು ನಿಮಿಷದೊಳಗೆ, ಒಂದು ಕ್ಲಿಪ್ಪನ್ನೂ ಮುರಿಯದೆ, ಗಾಡಿ ಮಾಲೀಕರೇ ಬ್ಯಾಟರಿ ಹೊರಗೆ ತೆಗೆಯುವಂತಿರಬೇಕು. ಇಷ್ಟೇ.

ಇದನ್ನ ಕೇಳೋಕೆ ನೀನ್ಯಾರು ಅಂತೀರಾ? ಕುಮಾರಪಟ್ಟಣದೋಳು. ವಯಸ್ಸು ಇಪ್ಪತ್ತು, ಓದ್ತಿರೋದು ಬಿ.ಕಾಂ. ಮೆಕ್ಯಾನಿಕ್ ಅಲ್ಲ, ಅದಕ್ಕೇ ಕೇಳ್ತಿರೋದು. ಮೆಕ್ಯಾನಿಕ್‌ಗೆ ಮಾತ್ರ ಸಾಧ್ಯ ಆಗೋ ಹಾಗೆ ಮಾಡಿದ ವಸ್ತುವನ್ನ ನನ್ನಂಥವರಿಗೆ ಯಾಕೆ ಮಾರ್ತೀರಿ?

ಮುಂದಿನ ಪೋಸ್ಟಿಗೆ ಬರ್ರಿ.

2/10

"ಮೊದಲೂ ಬೈಕಿಗೆ ಬ್ಯಾಟರಿ ಇತ್ತಲ್ಲ, ಆವಾಗ ಯಾರೂ ಅಳಲಿಲ್ಲ" ಅಂತಾರೆ ಹಿರಿಯರು. ನಿಜ. ಯಾಕೆ ಅಳಲಿಲ್ಲ ಅಂತ ನೋಡೋಣ.

ಮೇಲಿನ ಫೋಟೋದಲ್ಲಿರೋದು ನಮ್ಮ ಓಣಿಯ ಆರ್‌ಎಕ್ಸ್ 100. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಗಾಡಿ. ಅದರ ಸ್ಪಾರ್ಕಿಗೆ ಕರೆಂಟ್ ಕೊಡೋದು ಇಂಜಿನ್ ಜೊತೆ ತಿರುಗೋ ಮ್ಯಾಗ್ನೆಟ್. ಬ್ಯಾಟರಿ ಸತ್ತರೆ ಹಾರ್ನ್ ಹೋಗುತ್ತೆ, ಇಂಡಿಕೇಟರ್ ಹೋಗುತ್ತೆ. ಗಾಡಿ ಹೋಗಲ್ಲ ಅನ್ನೋ ಮಾತೇ ಇಲ್ಲ. ಒಂದು ಕಿಕ್, ಹೊಂಟ್ವಿ.

ಆಮೇಲೆ ಏನೇನಾಯ್ತು?

2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸ್ವಿಚ್ ಇಲ್ಲ. ಇಂಜಿನ್ ಓಡುವಷ್ಟು ಹೊತ್ತು ಲೈಟ್ ಉರೀತಾನೇ ಇರಬೇಕು. 2018ರಲ್ಲಿ ಹೊಸ ಮಾಡೆಲ್‌ಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲಕ್ಕೂ, 125 ಸಿಸಿ ಮೀರಿದರೆ ಎಬಿಎಸ್ ಕಡ್ಡಾಯ. 2020ರ ಏಪ್ರಿಲ್ 1ರಿಂದ ಬಿಎಸ್6. ಕಾರ್ಬ್ಯುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಪೆಟ್ರೋಲ್ ತಳ್ಳೋಕೆ ಕರೆಂಟಿನ ಪಂಪ್, ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕೋಕೆ ಒಂದು ಸಣ್ಣ ಕಂಪ್ಯೂಟರ್. ಸಾಕಷ್ಟು ಗಾಡಿಗಳಲ್ಲಿ ಕಿಕ್ ಕೂಡ ಮಾಯ.

ಇವುಗಳಲ್ಲಿ ಒಂದನ್ನೂ ನಾನು ಬೈಯಲ್ಲ. ಹೊಗೆ ಕಡಿಮೆ ಆಯ್ತು, ಬ್ರೇಕ್ ಹಿಡಿದಾಗ ಜಾರೋದು ಕಡಿಮೆ ಆಯ್ತು, ಒಳ್ಳೇದೇ.

ಆದರೆ ಲೆಕ್ಕ ನೋಡ್ರಿ. ಬ್ಯಾಟರಿ ಮೇಲಿನ ಭಾರ ವರ್ಷ ವರ್ಷ ಹೆಚ್ಚಾಯ್ತು. ಪೂರ್ತಿ ಸತ್ತ ಬ್ಯಾಟರಿ ಇಟ್ಕೊಂಡು ಇಂಜೆಕ್ಷನ್ ಗಾಡೀನ ತಳ್ಳಿದ್ರೂ ಸ್ಟಾರ್ಟ್ ಆಗ್ತೈತಿ ಅನ್ನೋ ಭರವಸೆ ಇಲ್ಲ, ಪಂಪಿಗೇ ಜೀವ ಇಲ್ಲವಲ್ಲ. ಗೇರಿಲ್ಲದ ಸ್ಕೂಟರ್ ಅಂತೂ ತಳ್ಳಿ ಸ್ಟಾರ್ಟ್ ಮಾಡೋ ಹಾಗೇ ಇಲ್ಲ.

ಬ್ಯಾಟರಿ ಗಾಡಿಯ ಜೀವ ಆಯ್ತು. ಜೀವ ಆದ ಮೇಲೆ ಅದು ಇನ್ನೂ ಕೈಗೆ ಹತ್ತಿರ ಬರಬೇಕಿತ್ತು. ದೂರ ಹೋಯ್ತು.

3/10

"ದೂರ" ಅಂದ್ರ ಎಷ್ಟು ದೂರ? ಎಣಿಸಿ ಹೇಳ್ತೀನಿ.

ಇದು ನಮ್ಮ ಕಾಕಾನ ಗಾಡಿ. ಕಂಪನಿ ಹೆಸರು ಬೇಡ, ಇಂಥ ವಿನ್ಯಾಸ ಒಂದೇ ಕಂಪನಿಯದ್ದಲ್ಲ.

ಹಿಂದಿನ ಸೀಟ್ ಕೀ ತಿರುಗಿಸಿದರೆ ಬರುತ್ತೆ. ಒಳಗೆ ಬ್ಯಾಟರಿ ಇಲ್ಲ, ಟೂಲ್ ಕಿಟ್ ಇದೆ. ಬ್ಯಾಟರಿ ಮುಂದಿನ ಸೀಟಿನ ಕೆಳಗೆ. ಮುಂದಿನ ಸೀಟಿಗೆ ಎರಡು ಅಲೆನ್ ಬೋಲ್ಟ್. ಆ ಬೋಲ್ಟಿಗೆ ಕೀ ಹೋಗಬೇಕಂದ್ರ ಎರಡೂ ಸೈಡ್ ಪ್ಯಾನಲ್ ಬಿಚ್ಚಬೇಕು. ಒಂದೊಂದು ಪ್ಯಾನಲ್‌ಗೆ ಎರಡು ಸ್ಕ್ರೂ, ಒಂದು ಪ್ಲಾಸ್ಟಿಕ್ ಕ್ಲಿಪ್. ಸೀಟ್ ತೆಗೆದ ಮೇಲೆ ಬ್ಯಾಟರಿ ಕಾಣೋದು ಅರ್ಧ, ಇನ್ನರ್ಧ ಟ್ಯಾಂಕಿನ ಕೆಳಗೆ. ಟ್ಯಾಂಕಿನ ಹಿಂದಿನ ಬೋಲ್ಟ್ ತೆಗೆದು ಒಬ್ಬರು ಟ್ಯಾಂಕ್ ಎತ್ತಿ ಹಿಡೀಬೇಕು, ಇನ್ನೊಬ್ಬರು ಕೈ ಒಳಗೆ ತೂರಿಸಬೇಕು. ಬ್ಯಾಟರಿ ಮೇಲೆ ಒಂದು ತಗಡಿನ ಪಟ್ಟಿ, ಅದಕ್ಕೊಂದು ಬೋಲ್ಟ್. ಕೊನೆಗೆ ಎರಡು ಟರ್ಮಿನಲ್.

ಕೂಡಿಸ್ರಿ. ಪ್ಯಾನಲ್ ನಾಲ್ಕು, ಸೀಟು ಎರಡು, ಟ್ಯಾಂಕು ಒಂದು, ಪಟ್ಟಿ ಒಂದು, ಟರ್ಮಿನಲ್ ಎರಡು. ಹತ್ತು. ಮೇಲೆ ಎರಡು ಕ್ಲಿಪ್. ಅದರಲ್ಲಿ ಒಂದು ಮುರೀತು. ಮುರಿಯದೇ ಇದ್ದಿದ್ರೆ ಆಶ್ಚರ್ಯ. ಟೂಲ್ ಕಿಟ್‌ನಲ್ಲಿ ಆ ಅಳತೆಯ ಅಲೆನ್ ಕೀ ಇರಲೇ ಇಲ್ಲ, ಪಕ್ಕದ ಮನೆಯಿಂದ ತಂದ್ವಿ.

ಅದಕ್ಕೂ ಮೊದಲು ಕಾಕಾ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ದ. "ಗಾಡಿ ತಗೊಂಡು ಬರ್ರಿ ಸರ್, ನೋಡೋಣ" ಅಂದರು. ಸ್ಟಾರ್ಟ್ ಆಗದ ಗಾಡೀನ ತಗೊಂಡು ಬರ್ರಿ! ಸಂಜಿ ಐದಕ್ಕೆ ಶುರು ಮಾಡಿದ್ದು, ಬ್ಯಾಟರಿ ಹೊರಗೆ ಬಂದಾಗ ಏಳಕ್ಕೆ ಇಪ್ಪತ್ತು ನಿಮಿಷ ಇತ್ತು. ಹೊಸದು ತರೋಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಕಾಕಾಗೆ ನೈಟ್ ಶಿಫ್ಟ್. ಅವತ್ತು ರಜಾ, ಅವತ್ತಿನ ಪಗಾರ ಕಟ್.

ಬ್ಯಾಟರಿ ಸತ್ತಿದ್ದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಅದರ ಆಯುಷ್ಯ ಮುಗೀತು. ಅದನ್ನ ಹೊರಗೆ ತೆಗೆಯೋಕೇ ಒಂದು ತಾಸು ನಲವತ್ತು ನಿಮಿಷ ಬೇಕಾಯ್ತಲ್ಲ, ಸಿಟ್ಟು ಅದರ ಮೇಲೆ.

4/10

ಬರೀ ಬೈದರೆ ಉಪಯೋಗ ಇಲ್ಲ. ಎಂಥ ಮೂಲೆಯಲ್ಲಿದ್ದರೂ ತೆಗೆಯೋ ಕ್ರಮ ಇದು. ಸೇವ್ ಮಾಡಿ ಇಟ್ಕೊಳ್ರಿ.

• ಕೀ ಆಫ್. ಉಂಗುರ, ಕಡಗ, ಬಳೆ, ಸ್ಟೀಲ್ ಚೈನಿನ ವಾಚ್ ತೆಗೆದಿಡ್ರಿ.

• ಒಂದೊಂದು ಪ್ಯಾನಲ್ ಬಿಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ. ಸ್ಕ್ರೂಗಳನ್ನ ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಇಡ್ರಿ. ಉದ್ದ ಸ್ಕ್ರೂ, ಗಿಡ್ಡ ಸ್ಕ್ರೂ ಅದಲು ಬದಲು ಆದರೆ ಪ್ಯಾನಲ್ ಸೀಳುತ್ತೆ.

• ಮೊದಲು ಮೈನಸ್. ಕಪ್ಪು ವೈರ್. ಯಾಕೆ? ಗಾಡಿಯ ಚಾಸಿಗೆ ಸೇರಿರೋದು ಮೈನಸ್. ಮೊದಲು ಪ್ಲಸ್ ಬಿಚ್ಚೋಕೆ ಹೋಗಿ ಪಾನಾ ಚಾಸಿಗೆ ತಗುಲಿದರೆ ನೇರ ಶಾರ್ಟ್, ಕಿಡಿ, ಸುಟ್ಟ ಕೈ. ಮೈನಸ್ ಬಿಚ್ಚಿಟ್ಟ ಮೇಲೆ ಪಾನಾ ತಗುಲಿದರೂ ಏನಾಗಲ್ಲ. ಆಮೇಲೆ ಪ್ಲಸ್.

• ಟರ್ಮಿನಲ್ ಒಳಗೆ ಒಂದು ಸಣ್ಣ ಚೌಕ ನಟ್ ಇರುತ್ತೆ. ಬೋಲ್ಟ್ ತೆಗೆದ ಕೂಡ್ಲೆ ಅದು ಜಾರಿ ಇಂಜಿನ್ ಸಂದಿಗೆ ಬೀಳುತ್ತೆ. ಮೊದಲೇ ಕೆಳಗೊಂದು ಬಟ್ಟೆ ತುರುಕಿ. ಮತ್ತೆ ಕೂರಿಸುವಾಗ ನಟ್ ಕೆಳಗೆ ಸ್ಪಂಜಿನ ತುಣುಕು ಇಟ್ಟರೆ ನಟ್ ಮೇಲೆದ್ದು ಬೋಲ್ಟಿಗೆ ಸಿಗುತ್ತೆ.

• ಬಿಳಿ ಇಲ್ಲವೇ ಹಸಿರು ಪುಡಿ ಕಟ್ಟಿದೆಯಾ? ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಹಳೇ ಬ್ರಶ್ ಅದ್ದಿ ಉಜ್ಜಿ, ಒರೆಸಿ, ಒಣಗಿಸಿ. ಬಿಗಿ ಮಾಡಿದ ಮೇಲೆ ಸ್ವಲ್ಪ ವ್ಯಾಸಲೀನ್.

• ಹೊಸದು ಇಡೋ ಮುಂಚೆ ಅದರ ಕೆಳಗಿಂದ ಒಂದು ಗಟ್ಟಿ ಲಾಡಿ ಸುತ್ತಿ, ತುದಿ ಮೇಲೆ ಬಿಡ್ರಿ. ಮುಂದಿನ ಸಲ ಲಾಡಿ ಎಳೆದರೆ ಬ್ಯಾಟರಿ ಎದ್ದು ಬರುತ್ತೆ. ಎರಡು ರೂಪಾಯಿ ಲಾಡಿ ಮಾಡೋ ಕೆಲಸ ಲಕ್ಷ ರೂಪಾಯಿ ಗಾಡಿ ಮಾಡಲಿಲ್ಲ, ನೆನಪಿಡ್ರಿ.

• ಜೋಡಿಸುವಾಗ ಉಲ್ಟಾ: ಮೊದಲು ಪ್ಲಸ್, ಕೊನೆಗೆ ಮೈನಸ್.

ಹೊಟ್ಟೆ ಉಬ್ಬಿದ, ಒಡೆದ, ಸೋರುತ್ತಿರೋ ಬ್ಯಾಟರಿ ಇದ್ದರೆ ಬರಿಗೈ ಹಾಕಬೇಡಿ, ಚಾರ್ಜಿಗೂ ಇಡಬೇಡಿ.

ಪಾನಾ ಹಿಡಿದ ಹುಡುಗೀನ ನೋಡಿ ನಗೋರಿಗೆ ಇಲ್ಲೇ ಉತ್ತರ: ಬೋಲ್ಟಿಗೆ ಗಂಡು ಹೆಣ್ಣು ಗೊತ್ತಾಗಲ್ಲ, ಎಡ ಬಲ ಅಷ್ಟೇ ಗೊತ್ತಾಗೋದು.

5/10

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಅಕೌಂಟ್ಸ್.

ಮುಚ್ಚಳಕ್ಕೊಂದು ತಿರುಗಣಿ, ಒಂದು ಲಾಕ್ ಕೊಟ್ಟರೆ ಕಂಪನಿಗೆ ಗಾಡಿಗಿಷ್ಟು ಅಂತ ಖರ್ಚು. ಲಕ್ಷಗಟ್ಟಲೆ ಗಾಡಿಗೆ ಗುಣಿಸಿದರೆ ದೊಡ್ಡ ಮೊತ್ತ. ಅದನ್ನ ಬಿಟ್ಟರೆ ಅವರ ಪುಸ್ತಕದಲ್ಲಿ ಉಳಿತಾಯ. ಆದರೆ ಆ ಖರ್ಚು ಎಲ್ಲಿಗೂ ಹೋಗಲಿಲ್ಲ. ಅವರ ಪುಸ್ತಕದಿಂದ ನಮ್ಮ ಪುಸ್ತಕಕ್ಕೆ ದಾಟಿತು. ಅವರ ಲಾಭ-ನಷ್ಟದ ಪಟ್ಟಿಯಲ್ಲಿ ಅದು ಕಾಣೋದೇ ಇಲ್ಲ, ಯಾಕಂದ್ರ ಅದನ್ನ ಕಟ್ಟೋರು ನಾವು.

ಒಂದು ಊಹೆ ಲೆಕ್ಕ ಹಾಕೋಣ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಗಾಡಿ ಎಳೆದೊಯ್ಯೋಕೆ ಗೂಡ್ಸ್ ಆಟೋ 400 ರೂಪಾಯಿ ಹಿಡಿಯೋಣ. ಬಿಚ್ಚಿ ಜೋಡಿಸೋ ಕೂಲಿ 200. ಕಳೆದುಕೊಂಡ ಒಂದು ದಿನದ ಪಗಾರ 600. ಒಟ್ಟು 1,200. ಹನ್ನೆರಡು ವರ್ಷ ಗಾಡಿ ಇಟ್ಕೊಂಡು ಮೂರು ಸಲ ಬ್ಯಾಟರಿ ಬದಲಿಸಿದರೆ 3,600. ಇದರಲ್ಲಿ ಬ್ಯಾಟರಿ ದುಡ್ಡು ಒಂದು ಪೈಸೆ ಸೇರಿಲ್ಲ. ಬರೀ "ಕೈಗೆ ಸಿಗಲ್ಲ" ಅನ್ನೋದರ ಬೆಲೆ. ಬಿಲ್ ಹಾಕೋ ಕಡೆ ಆ ಕೂಲಿ ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಇನ್ನೊಂದು ನಷ್ಟ ಇದೆ, ಅದು ಬಿಲ್ಲಿನಲ್ಲೂ ಬರಲ್ಲ.

ಲೆಡ್-ಆ್ಯಸಿಡ್ ಬ್ಯಾಟರಿ ಖಾಲಿಯಾಗಿ ಹಾಗೇ ನಿಂತರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಕಟ್ಟುತ್ತೆ. ಒಮ್ಮೆ ಗಟ್ಟಿ ಆದರೆ ಅದು ಮತ್ತೆ ಪೂರ್ತಿ ಚಾರ್ಜ್ ಹಿಡಿಯಲ್ಲ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ ಸುಮಾರು 12.6ರಿಂದ 12.8 ತೋರಿಸಬೇಕು. 12ಕ್ಕಿಂತ ಕೆಳಗೆ ಇಳಿದರೆ ಅದು ಖಾಲಿ ಅಂತಲೇ ತಿಳ್ಕೊಳ್ರಿ. ಆ ಹೊತ್ತಿಗೆ ಹೊರಗೆ ತೆಗೆದು ಚಾರ್ಜರ್‌ಗೆ ಹಾಕಿದರೆ ಉಳಿಯುತ್ತೆ.

ಮಗ ಹಾಸ್ಟೆಲ್‌ಗೆ ಹೋಗಿ ಎರಡು ತಿಂಗಳು ನಿಂತ ಗಾಡಿ, ಹೆಸ್ಕಾಂ ಕರೆಂಟು, ಮನೆಯಲ್ಲೊಂದು ಸಣ್ಣ ಚಾರ್ಜರ್, ಎಲ್ಲಾ ಇದೆ. ಬ್ಯಾಟರಿ ಒಂದೇ ಕೈಗೆ ಸಿಗಲ್ಲ. ಉಳಿಸಬಹುದಾಗಿದ್ದ ಬ್ಯಾಟರಿ ಹತ್ತು ಬೋಲ್ಟಿನ ಭಯಕ್ಕೆ ಸಾಯುತ್ತೆ. ಹೊಸದರ ದುಡ್ಡು ಯಾರಿಗೆ ಹೋಗುತ್ತೆ?

6/10

ಎದುರು ವಾದ ಕೇಳೋಣ, ಒಂದೊಂದಾಗಿ.

"ಕಳ್ಳರು ಬ್ಯಾಟರಿ ಕದೀತಾರ."
ಕದೀತಾರ, ಒಪ್ಪಿದೆ. ಅದಕ್ಕೆ ಮದ್ದು ಕೀಲಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ಇಲ್ವಾ? ಅದೇ ಕೀ ತಿರುಗಿಸಿದರೆ ಬ್ಯಾಟರಿ ಬಾಗಿಲು ತೆರೆದರೆ ಸಾಕು. ಕಳ್ಳ ಬರ್ತಾನಂತ ಮನೆ ಬಾಗಿಲಿಗೆ ಇಟ್ಟಿಗೆ ಕಟ್ಟಿ ಸಿಮೆಂಟ್ ಬಳಿಯಲ್ಲ ಯಾರೂ.

"ಭಾರ ಮಧ್ಯದಲ್ಲಿರಬೇಕು, ಅದಕ್ಕೇ ಒಳಗೆ ಇಟ್ಟಿದಾರ."
ಇದು ಇದ್ದುದರಲ್ಲಿ ಒಳ್ಳೇ ವಾದ. ಭಾರ ನಡುವೆ, ಕೆಳಗೆ ಇದ್ದಷ್ಟೂ ಗಾಡಿ ತಿರುಗೋದು ಸಲೀಸು. ಆದರೆ ಒಳಗೆ ಇಡೋದು ಬೇರೆ, ಮುಚ್ಚಿಹಾಕೋದು ಬೇರೆ. ಏರ್ ಫಿಲ್ಟರ್ ಕೂಡ ನಡುವೆ ಕೂತಿರುತ್ತೆ. ಸಾಕಷ್ಟು ಗಾಡಿಗಳಲ್ಲಿ ಒಂದು ಮುಚ್ಚಳ ತೆಗೆದರೆ ಕೈಗೆ ಬರುತ್ತೆ. ಎಲ್ಲಿ ಇಟ್ಟೀರಿ ಅಂತ ನಾನು ಕೇಳ್ತಿಲ್ಲ, ದಾರಿ ಯಾಕೆ ಬಿಟ್ಟಿಲ್ಲ ಅಂತ ಕೇಳ್ತಿದೀನಿ.

"ಜನ ಉಲ್ಟಾ ವೈರ್ ಕೊಟ್ಟು ಸುಟ್ಟುಕೊಳ್ತಾರ."
ಪ್ಲಸ್ಸಿಗೆ ಕೆಂಪು ಟೋಪಿ ಹಾಕ್ರಿ. ವೈರ್ ಉದ್ದ ಎಷ್ಟಿಡಬೇಕೋ ಅಷ್ಟೇ ಇಡ್ರಿ, ತಪ್ಪು ಕಡೆ ತಲುಪಬಾರದು. ಸೀಟಿನ ಕೆಳಗೆ ಒಂದು ಸ್ಟಿಕರ್ ಅಂಟಿಸ್ರಿ, ಕನ್ನಡದಲ್ಲಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ನಮ್ಮ ಅವ್ವಂದಿರು ದಿನಾ ಬದಲಿಸ್ತಾರ. ಅವರನ್ನ ನಂಬಿ ಸಿಲಿಂಡರ್ ಕೊಟ್ಟೋರು 12 ವೋಲ್ಟ್ ಕೊಡೋಕೆ ಹೆದರ್ತಾರಾ?

"ನೀವು ಹಿಂಗ ಮಾಡಿದ್ರ ಗ್ಯಾರೇಜಿನವರ ಹೊಟ್ಟಿ ಮ್ಯಾಲ ಹೊಡೆದಂಗ."
ನಮ್ಮೂರ ಗ್ಯಾರೇಜಿನ ಹುಡುಗರನ್ನೇ ಕೇಳ್ರಿ. ಹತ್ತು ಬೋಲ್ಟ್ ಬಿಚ್ಚೋದು ಅವರಿಗೂ ಬೇಡವಾದ ಕೆಲಸ. ಕ್ಲಿಪ್ ಮುರಿದರೆ ಬೈಗುಳ ಅವರಿಗೆ. ಎರಡು ತಾಸಿನ ಕೆಲಸಕ್ಕೆ ಎರಡು ತಾಸಿನ ಕೂಲಿ ಕೇಳಿದರೆ ನಾವೇ "ಬ್ಯಾಟರಿ ಹಾಕೋಕೆ ಇಷ್ಟಾ?" ಅಂತ ಚೌಕಾಸಿ ಮಾಡ್ತೀವಿ. ಕೆಟ್ಟ ವಿನ್ಯಾಸದಿಂದ ಗಿರಾಕಿ, ಮೆಕ್ಯಾನಿಕ್ ಇಬ್ಬರೂ ಜಗಳ ಆಡ್ತಾರ. ಮಾಡಿದೋನು ದೂರ ಕೂತಿರ್ತಾನ.

7/10

"ಸುಲಭ ಮಾಡೋಕೆ ಆಗಲ್ಲ" ಅನ್ನೋರಿಗೆ ಈ ಪೋಸ್ಟ್.

2022ರ ಅಕ್ಟೋಬರ್‌ನಲ್ಲಿ ಹೀರೋ ಕಂಪನಿ ವಿಡಾ ವಿ1 ಅನ್ನೋ ಎಲೆಕ್ಟ್ರಿಕ್ ಸ್ಕೂಟರ್ ಬಿಡುಗಡೆ ಮಾಡಿತು. ಅದರ ಬ್ಯಾಟರಿಗಳನ್ನ ಮಾಲೀಕರೇ ಹೊರಗೆ ತೆಗೆದು ಮನೆಯೊಳಗೆ ಒಯ್ದು ಚಾರ್ಜ್ ಮಾಡಬಹುದು. 2024ರ ನವೆಂಬರ್‌ನಲ್ಲಿ ಹೋಂಡಾ ಆ್ಯಕ್ಟಿವಾ ಇ ತೋರಿಸಿತು. ಸೀಟ್ ಎತ್ತಿದರೆ ಎರಡು ಬ್ಯಾಟರಿ, ಒಂದೊಂದು ಸುಮಾರು 10 ಕಿಲೋ, ಮೇಲೆ ಹಿಡಿಕೆ. ಖಾಲಿಯದನ್ನ ಎಳೆದು ಸ್ಟೇಷನ್ನಿನಲ್ಲಿಟ್ಟು ತುಂಬಿದ್ದನ್ನ ಹಾಕ್ಕೊಂಡು ಹೋಗೋದು. ಬೆಂಗಳೂರಿನಲ್ಲಿ ಓಡ್ತಾವ.

ಯೋಚನೆ ಮಾಡ್ರಿ. ಗಾಡೀನೇ ಓಡಿಸೋ 10 ಕಿಲೋ ಬ್ಯಾಟರಿಗೆ ಹಿಡಿಕೆ ಇಡೋಕೆ ಬರುತ್ತೆ. ಬರೀ ಸೆಲ್ಫ್ ಹೊಡೆಯೋ ಮೂರು ಕಿಲೋ ಒಳಗಿನ ಬ್ಯಾಟರಿಗೆ ಬಾಗಿಲಿಡೋಕೆ ಬರಲ್ವಾ?

ಬರುತ್ತೆ. ಅಲ್ಲಿ ಬ್ಯಾಟರಿ ತೆಗೆಯೋದೇ ಮಾರಾಟದ ಮಾತು, ಅದಕ್ಕೆ ಹಿಡಿಕೆ ಬಂತು. ಇಲ್ಲಿ ಯಾರೂ ಕೇಳಲಿಲ್ಲ, ಅದಕ್ಕೆ ಬರಲಿಲ್ಲ. ವ್ಯತ್ಯಾಸ ವಿಜ್ಞಾನದ್ದಲ್ಲ, ನಮ್ಮ ಮೌನದ್ದು.

ಎಲೆಕ್ಟ್ರಿಕ್ ಅಂದ ಕೂಡ್ಲೆ ಎಲ್ಲಾ ಸರಿ ಅಂತಲೂ ತಿಳೀಬೇಡಿ. ಎಲೆಕ್ಟ್ರಿಕ್ ಸ್ಕೂಟರಿನೊಳಗೂ ಲೈಟು, ಲಾಕು, ಡಿಸ್‌ಪ್ಲೇಗೆ ಅಂತ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರೋದು ಸಾಮಾನ್ಯ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎದ್ದೇಳಲ್ಲ. ಕೆಲವು ಗಾಡಿಗಳಲ್ಲಿ ಸೀಟಿನ ಲಾಕ್ ತೆರೆಯೋದೇ ಕರೆಂಟಿನಿಂದ. ಸಣ್ಣ ಬ್ಯಾಟರಿ ಸತ್ತು, ಸೀಟು ತೆರೆಯದೆ, ಬೇಕಾದ ವಸ್ತು ಸೀಟಿನ ಕೆಳಗೇ ಇದ್ದರೆ? ಪೆಟ್ಟಿಗೆ ಕೀಲಿ ಪೆಟ್ಟಿಗೆಯೊಳಗೇ ಹಾಕಿ ಮುಚ್ಚಿದಂಗ.

ಅದಕ್ಕೆ ನಾನು ಕೇಳೋದು ಪೆಟ್ರೋಲ್ ಗಾಡಿ ಬಗ್ಗೆ ಮಾತ್ರ ಅಲ್ಲ. ಮುಂದೆ ಬರೋ ಗಾಡಿ ಬಗ್ಗೆಯೂ.

8/10

"ಕಾನೂನು ಏನು ಹೇಳುತ್ತೆ?" ಅಂತ ನಿನ್ನೆ ಒಬ್ಬರು ಡಿಎಂ ಮಾಡಿದ್ರು. ಬಿಸಿನೆಸ್ ಲಾ ಓದ್ತಿರೋ ಎಲ್ಲರೂ ಇದನ್ನ ಓದ್ರಿ, ಪರೀಕ್ಷೆಗೂ ಬರುತ್ತೆ.

2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಯಾಕೆ? ಬಿಡಿ ಭಾಗ, ದೋಷ ಹುಡುಕೋ ಉಪಕರಣ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಮುಖ್ಯ ಏನಂದ್ರೆ, ಗಾಡಿ ಮಾರಿದ ಮೇಲೆ ರಿಪೇರಿಯನ್ನೂ ನನ್ನ ಹತ್ರಾನೇ ಮಾಡಿಸು ಅನ್ನೋದು ಸರಿಯಲ್ಲ ಅನ್ನೋ ಮಾತು ಈ ದೇಶದಲ್ಲಿ ಹೊಸದಲ್ಲ.

2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಮನೆಯ ಉಪಕರಣಗಳ ಜೊತೆ ವಾಹನಗಳನ್ನೂ ಸೇರಿಸಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನ, ದುರಸ್ತಿ ಹಕ್ಕಿನ ಪೋರ್ಟಲ್ ಶುರುವಾಯ್ತು. ಒಳ್ಳೇದು. ಆದರೆ ಪೋರ್ಟಲ್ ಕೊಡೋದು ಮಾಹಿತಿ. ಬ್ಯಾಟರಿಗೆ ಬಾಗಿಲಿಡು ಅಂತ ಅದು ಯಾರಿಗೂ ಹೇಳಲ್ಲ.

ಯುರೋಪ್ ನೋಡ್ರಿ. 2023ರಲ್ಲಿ ಅಲ್ಲಿನ ಒಕ್ಕೂಟ ಮಾಡಿದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಕೈಯಲ್ಲಿ ಹಿಡಿಯುವಂಥ ಉಪಕರಣಗಳ ಬ್ಯಾಟರಿಯನ್ನ ಬಳಸೋರೇ ಸುಲಭವಾಗಿ ತೆಗೆದು ಬದಲಿಸುವಂತಿರಬೇಕು. ಬೈಕಿನ ಸ್ಟಾರ್ಟಿಂಗ್ ಬ್ಯಾಟರಿ ಆ ನಿಯಮದಲ್ಲಿ ಇಲ್ಲ, ಸುಳ್ಳು ಹೇಳಲ್ಲ. ಆದರೆ ತತ್ವ ಅದೇ: ಸಾಯೋ ವಸ್ತುವನ್ನ ಅಂಟಿಸಿ ಮುಚ್ಚಬೇಡ.

ಹೆಡ್‌ಲೈಟ್ ಉರೀತಾನೇ ಇರಬೇಕು ಅಂತ ನಿಯಮ ಮಾಡೋಕೆ ಬರುತ್ತೆ ಅಂದ ಮೇಲೆ, ಆ ಲೈಟಿಗೆ ಕರೆಂಟ್ ಕೊಡೋ ಬ್ಯಾಟರಿ ಕೈಗೆ ಸಿಗಬೇಕು ಅಂತ ಒಂದು ಸಾಲು ಸೇರಿಸೋಕೆ ಬರಬೇಕಲ್ಲ?

9/10

ಹೊರಗೆ ತೆಗೆದ ಹಳೇ ಬ್ಯಾಟರಿ ಎಲ್ಲಿಗೆ ಹೋಗುತ್ತೆ?

ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಉಳಿದಿದ್ದರಲ್ಲಿ ಗಂಧಕಾಮ್ಲ. ಸೀಸ ಮಕ್ಕಳ ಮಿದುಳಿಗೆ ವಿಷ. ಇಷ್ಟು ಸೀಸ ರಕ್ತದಲ್ಲಿದ್ದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದೇ ಸೀಸವನ್ನ ಸರಿಯಾದ ಕಡೆ ಕೊಟ್ಟರೆ ಕರಗಿಸಿ ಮತ್ತೆ ಹೊಸ ಬ್ಯಾಟರಿ ಮಾಡಬಹುದು.

2022ರ ಆಗಸ್ಟ್‌ನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಕಾಗದದ ಮೇಲೆ ಚೆಂದ ಐತಿ. ಆದರೆ ಅರ್ಧ ತಾಸು ಒದ್ದಾಡಿ ಬೆರಳು ತರಚಿಕೊಂಡು, ಸಿಟ್ಟಲ್ಲಿ ಎಳೆದು ಹೊರಗೆ ಹಾಕಿದ ಬ್ಯಾಟರಿಗೆ ಗೌರವ ಸಿಗಲ್ಲ. ಅದು ಮನೆ ಹಿಂದಿನ ಗೋಡೆ ಪಕ್ಕ ಬೀಳುತ್ತೆ, ಇಲ್ಲವೇ ತೂಕದ ಲೆಕ್ಕಕ್ಕೆ ಗುಜರಿಗೆ ಹೋಗುತ್ತೆ. ಅಲ್ಲಿ ಯಾರೋ ಒಡೀತಾರ, ಆ್ಯಸಿಡ್ ಗಟಾರಕ್ಕೆ ಚೆಲ್ತಾರ.

ನಮ್ಮೂರ ಗಟಾರದ ನೀರು ಇಳಿಯೋದು ತುಂಗಭದ್ರಿ ಕಡೆಗೆ. ಈ ಹೊಳಿ ದಂಡೆ ಮೇಲೆ ಹುಟ್ಟಿದೋರಿಗೆ ಕೊಳಕು ನೀರು ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ. 1980ರ ದಶಕದಲ್ಲಿ ಇದೇ ಹೊಳಿಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯದವರು ಜನರನ್ನ ಕೂಡಿಸಿಕೊಂಡು ಹೋರಾಡಿದ್ರು. ನಾವು ಇನ್ನೂ ಹುಟ್ಟಿರಲಿಲ್ಲ. ಅವತ್ತು ಅವರು ಕೇಳಿದ್ದೂ ಇದೇ ಥರದ ಪ್ರಶ್ನೆ: ಲಾಭ ನಿಮಗೆ, ಹೊಲಸು ನಮಗೆ ಯಾಕೆ?

ಅದಕ್ಕೆ ಒಂದು ಮಾತು. ಹಳೇ ಬ್ಯಾಟರಿಯನ್ನ ಹೊಸದು ಕೊಳ್ಳೋ ಅಂಗಡಿಗೇ ವಾಪಸ್ ಕೊಡ್ರಿ, ಬಿಲ್ಲಿನಲ್ಲಿ ಅದರ ಬೆಲೆ ಕಡಿಮೆ ಮಾಡಿಸಿಕೊಳ್ರಿ. ನಿಲ್ಲಿಸಿ ಒಯ್ಯಿರಿ, ಮಲಗಿಸಬೇಡಿ. ಒಡೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ತೆಗೆಯೋದು ಸುಲಭ ಆದ್ರೆ ವಾಪಸ್ ಕೊಡೋದೂ ಸುಲಭ ಆಗುತ್ತೆ. ಬಾಗಿಲು ಇಬ್ಬರಿಗೂ ಬೇಕು, ನಮಗೂ ಹೊಳಿಗೂ.

10/10

ಕೊನೇ ಪೋಸ್ಟ್. ಏನು ಮಾಡೋದು?

ಮೊದಲನೇದು, ಶೋರೂಮಿನಲ್ಲಿ. ದಸರಾ, ದೀಪಾವಳಿಗೆ ಗಾಡಿ ತಗೊಳ್ಳೋರು ಮೈಲೇಜ್ ಕೇಳ್ತೀರಿ, ಬಣ್ಣ ಕೇಳ್ತೀರಿ, ಆಫರ್ ಕೇಳ್ತೀರಿ. ಇನ್ನೊಂದು ಪ್ರಶ್ನೆ ಸೇರಿಸ್ರಿ: "ಬ್ಯಾಟರಿ ಎಲ್ಲೈತಿ, ತೆಗೆದು ತೋರಸ್ರಿ." ಬಾಯಲ್ಲಿ ಹೇಳೋದಲ್ಲ, ಕೈಯಿಂದ, ಗಾಡಿಯ ಟೂಲ್ ಕಿಟ್ಟಿಂದಲೇ. ನೀವು ಮೊಬೈಲಲ್ಲಿ ಟೈಮರ್ ಹಾಕ್ರಿ. ಹತ್ತು ನಿಮಿಷ ದಾಟಿದರೆ ಅದನ್ನೂ ಗಾಡಿಯ ಬೆಲೆಯೊಳಗೆ ಲೆಕ್ಕ ಹಾಕ್ರಿ. ದಿನಕ್ಕೆ ಹತ್ತು ಗಿರಾಕಿ ಇದೇ ಪ್ರಶ್ನೆ ಕೇಳಿದರೆ ಸೇಲ್ಸ್‌ನವರು ಮ್ಯಾನೇಜರಿಗೆ ಹೇಳ್ತಾರ, ಮ್ಯಾನೇಜರ್ ಮೇಲೆ ಹೇಳ್ತಾರ. ಕಂಪನಿ ಕಿವಿ ಇರೋದೇ ಅಲ್ಲಿ.

ಎರಡನೇದು, "ಬ್ಯಾಟರಿ ನಾವೇ ತೆಗೆದರೆ ವಾರಂಟಿ ಹೋಗುತ್ತೆ" ಅಂತ ಯಾರಾದರೂ ಅಂದ್ರೆ, ಬರೆದು ಕೊಡ್ರಿ ಅನ್ನಿ. ವಾರಂಟಿ ಪುಸ್ತಕದ ಯಾವ ಪುಟ, ಯಾವ ಸಾಲು ಅಂತ ಕೇಳ್ರಿ. ಸಮಾಧಾನ ಆಗಲಿಲ್ಲ ಅಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಮೂರನೇದು, ಬೇಡಿಕೆ. ಕಂಪನಿಗಳಿಗೂ, ನಿಯಮ ಮಾಡೋರಿಗೂ:
• ಕೀಲಿ ಇರೋ ಬ್ಯಾಟರಿ ಬಾಗಿಲು, ಇಲ್ಲವೇ ಕೀಯಿಂದಲೇ ತೆರೆಯೋ ಸೀಟಿನ ಕೆಳಗೆ ಬ್ಯಾಟರಿ.
• ಅದನ್ನ ತೆಗೆಯೋಕೆ ಬೇಕಾದ ಎಲ್ಲಾ ಪಾನಾ, ಕೀ ಟೂಲ್ ಕಿಟ್‌ನಲ್ಲೇ.
• ಬ್ಯಾಟರಿ ಒಳಗೇ ಇರಬೇಕು ಅಂತಿದ್ದರೆ, ಹೊರಗಿಂದ ಚಾರ್ಜ್ ಮಾಡೋಕೆ ಎರಡು ಟರ್ಮಿನಲ್ ಕೈಗೆ ಸಿಗೋ ಕಡೆ.
• ಕರೆಂಟಿನ ಲಾಕ್ ಇರೋ ಕಡೆ ಕೈಯಿಂದ ತೆರೆಯೋ ಒಂದು ದಾರಿ ಕಡ್ಡಾಯ.
• ತೆಗೆಯೋ ಕ್ರಮ ಮಾಲೀಕರ ಪುಸ್ತಕದಲ್ಲಿ, ಚಿತ್ರ ಸಮೇತ, ಕನ್ನಡದಲ್ಲಿ.

ಐದೇ ಸಾಲು. ರಾಕೆಟ್ ಹಾರಿಸ್ರಿ ಅಂತ ಕೇಳ್ತಿಲ್ಲ.

ನಾಲ್ಕನೇದು ನಿಮ್ಮ ಕೆಲಸ. ನಿಮ್ಮ ಗಾಡಿ ಮಾಡೆಲ್, ಬ್ಯಾಟರಿ ತೆಗೆಯೋಕೆ ಎಷ್ಟು ಬೋಲ್ಟ್, ಎಷ್ಟು ನಿಮಿಷ, ಕಮೆಂಟಿನಲ್ಲಿ ಹಾಕ್ರಿ. ಚಲೋ ವಿನ್ಯಾಸ ಇದ್ರೂ ಹಾಕ್ರಿ, ಹೊಗಳೋಣ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ, ಹೊಳಿ ಆಚೆಯ ಹರಿಹರ, ದಾವಣಗೆರೆ, ಎಲ್ಲಾ ಕಡೆಯಿಂದ ಬರಲಿ. ನಾನು ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡ್ತೀನಿ, ಬಿ.ಕಾಂನೋಳು, ಎಕ್ಸೆಲ್ ಬರುತ್ತೆ. ಹೊಸ ಗಾಡಿ ತಗೊಳ್ಳೋ ಮುಂಚೆ ಜನ ಅದನ್ನ ನೋಡಲಿ.

ಗಾಡಿ ನಮ್ಮ ಹೆಸರಲ್ಲಿ, ಸಾಲದ ಕಂತು ನಮ್ಮ ಹೆಸರಲ್ಲಿ, ದಂಡ ನಮ್ಮ ಹೆಸರಲ್ಲಿ. ಬ್ಯಾಟರಿ ತನಕ ಕೈ ಹೋಗೋ ದಾರಿ ಮಾತ್ರ ಬೇರೆಯವರದ್ದಾ?

ಇವತ್ತು ಸಂಜಿ ಗಾಡಿ ನಿಲ್ಲಿಸಿದ ಮೇಲೆ ಐದು ನಿಮಿಷ ಹುಡುಕ್ರಿ. ಸಿಕ್ಕರೆ ಫೋಟೋ ಹಾಕಿ ಟ್ಯಾಗ್ ಮಾಡ್ರಿ. ಸಿಗಲಿಲ್ಲ ಅಂದ್ರೂ ಟ್ಯಾಗ್ ಮಾಡ್ರಿ.

#ಬ್ಯಾಟರಿ_ಎಲ್ಲೈತಿ #ಹತ್ತು_ನಿಮಿಷ_ಹತ್ತು_ಬೋಲ್ಟ್_ಬೇಡ #ದುರಸ್ತಿ_ನಮ್ಮ_ಹಕ್ಕು #ಕುಮಾರಪಟ್ಟಣ #ರಾಣೇಬೆನ್ನೂರು #ಹಾವೇರಿ